ಐವತ್ತು ಮೆಟ್ಟಿಲಿನ ನೋಟೀಸು

ನಮ್ಮೂರಿನಲ್ಲಿ ಮಾತು ಇಳಿಯುವುದು ಬೇಗ, ಹತ್ತುವುದು ನಿಧಾನ. ಹೊಳೆಯ ದಂಡೆಯಿಂದ ಗುಡ್ಡದ ನೆತ್ತಿಯಲ್ಲಿರುವ ನೀರಿನ ಟಾಕಿಯ ತನಕ ಅರವತ್ತನಾಲ್ಕು ಮೆಟ್ಟಿಲು. ಮೆಟ್ಟಿಲೆಂದರೆ ಕಾಲಿಡುವ ಬರೀ ಕಲ್ಲಲ್ಲ, ಒಂದೊಂದು ಮೆಟ್ಟಿಲೂ ಒಂದೊಂದು ಓಣಿ. ಮೇಲಿನ ಓಣಿಯವರು ಕೆಳಗಿನವರಿಗೆ ಆಡಿದ್ದು ಆಡಿದ ಕೂಡಲೇ ಕಿವಿಗೆ ಬೀಳುತ್ತದೆ. ಕೆಳಗಿನವರು ಮೇಲಿನವರಿಗೆ ಆಡಿದ್ದು ದಿನಕ್ಕೊಂದು ಮೆಟ್ಟಿಲಿನ ಹಾಗೆ ಹತ್ತಿಕೊಂಡು ಹೋಗಬೇಕು. ಎದುರಿಗೇ ಹೋಗಿ ನಿಂತು ಹೇಳಿದರೂ ಅಷ್ಟೇ, ಅವರಿಗೆ ಬಾಯಿ ಅಲ್ಲಾಡುವುದು ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಕಾಗದದಲ್ಲಿ ಬರೆದು ಕೊಟ್ಟರೆ ಅವರ ಕಣ್ಣಿಗೆ ಬಿಳಿ ಹಾಳೆ. ದಿನ ತುಂಬಿದ ಮೇಲೆ ಅಕ್ಷರ ಮೂಡುತ್ತವೆ.

ಇದಕ್ಕೆ ನಾವೆಲ್ಲ ಹೊಂದಿಕೊಂಡಿದ್ದೆವು. ಮೂವತ್ತೊಂದನೇ ಮೆಟ್ಟಿಲಿಗೆ ಮದುವೆಯಾಗಿ ಹೋದ ನಮ್ಮಕ್ಕನಿಗೆ ನಮ್ಮವ್ವ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು, ‘ಉಂಡೇನವ್ವಾ?’ ಎಂದು ಕೇಳುತ್ತಿದ್ದಳು. ಅವ್ವ ತೀರಿಕೊಂಡ ಮೇಲೂ ಇಪ್ಪತ್ತೊಂದು ದಿನ ಅಕ್ಕ ಅದಕ್ಕೆ ‘ಹೂಂನವ್ವಾ’ ಅನ್ನುತ್ತಿದ್ದಳು. ಹೊಟ್ಟೆನೋವು ಬಂದರೆ ನಲವತ್ತನೇ ಮೆಟ್ಟಿಲಿನ ಡಾಕ್ಟರ ಮುಂದೆ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದೆವು. ಬಾಯಿಬಿಟ್ಟು ಹೇಳುತ್ತ ಕೂತರೆ ನೋವು ಹೋದ ಮೇಲೆ ಔಷಧಿ ಸಿಗುತ್ತಿತ್ತು. ಮೇಲೋಣಿಯವರು ಬಲು ಶಾಂತ ಸ್ವಭಾವದವರು ಎಂದು ಊರಲ್ಲೆಲ್ಲ ಹೆಸರು. ಎದುರಿನವರ ಸಿಟ್ಟು ಎರಡು ತಿಂಗಳು ತಡವಾಗಿ ಮುಟ್ಟುವುದಾದರೆ ಯಾರು ತಾನೇ ಶಾಂತವಾಗಿರುವುದಿಲ್ಲ?

ನಾನು ನೀಲವ್ವ, ಹತ್ತನೇ ಮೆಟ್ಟಿಲಿನವಳು. ನನ್ನ ಜೊತೆಗಾತಿ ಹಜರತ್‌ಬಿ, ಇನ್ನೂ ನಾಲ್ಕು ಮಂದಿ ಹೆಂಗಸರು ಸೇರಿ ರೊಟ್ಟಿ ಬಡಿಯುತ್ತಿದ್ದೆವು. ಅರವತ್ತನೇ ಮೆಟ್ಟಿಲಿನ ಅಂದಾನೆಪ್ಪ ಸಾವ್ಕಾರರ ಖಾನಾವಳಿಗೆ ದಿನಕ್ಕೆ ನಾನೂರು ಜೋಳದ ರೊಟ್ಟಿ ನಮ್ಮ ಗುತ್ತಿಗೆ. ಒಲೆಗೆ ಕಟ್ಟಿಗೆ ತರುತ್ತಿದ್ದವಳು ಮೂರನೇ ಮೆಟ್ಟಿಲಿನ ದುರಗವ್ವ. ಹೊರೆ ಇಳಿಸುತ್ತಿದ್ದಳು, ತುಟಿ ಅಲ್ಲಾಡಿಸುತ್ತಿದ್ದಳು, ಹೋಗುತ್ತಿದ್ದಳು. ಏಳು ದಿನ ಕಳೆದು ರೊಟ್ಟಿ ತಿರುವಿಹಾಕುವಾಗ ‘ಯಕ್ಕಾ, ಇವತ್ತು ಹಸಿ ಕಟಗಿ ಬಂದಾವ, ನಾಳೆ ಒಣಾವು ತರ್ತೀನಿ’ ಎಂದು ಅವಳ ದನಿ ಕೇಳುತ್ತಿತ್ತು. ಅಷ್ಟರಲ್ಲಿ ಹಸಿ ಕಟ್ಟಿಗೆಯೂ ಉರಿದು ಬೂದಿಯಾಗಿರುತ್ತಿತ್ತು. ಏನೆಂದು ಉತ್ತರ ಕೊಡುವುದು? ದುರಗವ್ವನದು ಮಾತು ಕಡಿಮೆ ಎಂದೇ ನಾನು ಬಹಳ ವರ್ಷ ತಿಳಿದಿದ್ದೆ.

ಸಾವ್ಕಾರರ ಜೊತೆ ನಮ್ಮದೊಂದು ಕರಾರು ಪತ್ರವಿತ್ತು. ನಮ್ಮ ಮೆಟ್ಟಿಲಿನ ಓದುವ ಮನೆಯಲ್ಲಿ ಸೋಮವಾರ ಸಂಜೆ ಹೆಂಗಸರು ಕೂಡುತ್ತಿದ್ದೆವು; ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಜಗಳ ತೆಗೆಯುವುದು. ಅಲ್ಲಿ ಆ ಪತ್ರವನ್ನೂ ನಾನೇ ಓದಿದ್ದೆ. ‘ಯಾವ ಪಕ್ಷದವರೇ ಗುತ್ತಿಗೆ ಬಿಡಬೇಕಾದಲ್ಲಿ ನೋಟೀಸು ಕೇಳಿಸಿದ ದಿನದಿಂದ ಹದಿನೈದು ದಿನ ಕೆಲಸ ನಡೆಸತಕ್ಕದ್ದು. ಅಲ್ಲಿಯವರೆಗೆ ಬೇರೆ ಗುತ್ತಿಗೆ ಹಿಡಿಯತಕ್ಕದ್ದಲ್ಲ.’ ಎರಡೂ ಪಕ್ಷಕ್ಕೆ ಹದಿನೈದೇ ದಿನ. ಅವರಿಗೊಂದು ನಮಗೊಂದು ಎಂದು ಎಲ್ಲಿಯೂ ಬರೆದಿರಲಿಲ್ಲ. ‘ಎಷ್ಟು ನ್ಯಾಯವಂತರು ನೋಡು’ ಎಂದು ನಾವು ಹೆಬ್ಬೆಟ್ಟು ಒತ್ತಬೇಕಾದವರು ಒತ್ತಿ, ಸಹಿ ಮಾಡಬೇಕಾದವರು ಮಾಡಿ ಕೊಟ್ಟಿದ್ದೆವು.

ಆ ನ್ಯಾಯದ ರುಚಿ ಮೊದಲು ಕಂಡವಳು ಹಪ್ಪಳದ ಕಾಶವ್ವ. ಅವಳದೂ ಇಂಥದೇ ಪತ್ರ. ‘ಹದಿನೈದು ದಿನ ಆದ ಮ್ಯಾಲೆ ಹಪ್ಪಳ ತರಬ್ಯಾಡ’ ಎಂದು ಸಾವ್ಕಾರರು ಒಂದು ಮುಂಜಾನೆ ಮೇಲಿನಿಂದಲೇ ಅಂದರು, ಮಾತು ಕಲ್ಲು ಬಿದ್ದ ಹಾಗೆ ಬಿತ್ತು. ಕಾಶವ್ವ ಓಡಿಹೋಗಿ ಎದುರಿಗೆ ನಿಂತು ‘ಇನ್ನೊಂದು ತಿಂಗಳು ತಡೀರಿ, ಇಷ್ಟೊಂದು ಉದ್ದಿನಬ್ಯಾಳಿ ತಂದಿಟ್ಟೀನಿ’ ಎಂದು ಕೈಮುಗಿದಳು. ಆ ಮಾತು ಸಾವ್ಕಾರರ ಕಿವಿ ಸೇರುವ ಹೊತ್ತಿಗೆ ಬೇರೆಯವರ ಹಪ್ಪಳ ಅವರ ಎಣ್ಣೆಯಲ್ಲಿ ಅರಳುತ್ತಿದ್ದವು. ‘ಪಾಪ, ಮೊದಲೇ ಹೇಳಬಾರದಿತ್ತೇನು’ ಅಂದರಂತೆ. ಸುಳ್ಳು ಮರುಕವಲ್ಲ ಅದು, ನಿಜವಾದ ಮರುಕ. ಅದೇ ನನ್ನ ಹೊಟ್ಟೆಯಲ್ಲಿ ಇಂದಿಗೂ ಉರಿಯುತ್ತದೆ.

ಆ ವರ್ಷ ಹಜರತ್‌ಬಿಯ ಮೊಣಕಾಲು ಮೆಟ್ಟಿಲು ಒಲ್ಲೆ ಅನ್ನತೊಡಗಿತು. ತಲೆಯ ಮೇಲೆ ಬುಟ್ಟಿ ಹೊತ್ತು ದಿನಾ ಐವತ್ತು ಓಣಿ ಹತ್ತಬೇಕು, ಇಳಿಯಬೇಕು. ಅರ್ಧಕ್ಕೆ ಕೂತು ಕಾಲು ನೀವಿಕೊಳ್ಳುವಳು. ‘ನೀಲಿ, ಇನ್ನೊಂದು ವರ್ಷ ಇದು ನನ್ನ ಕೈಲೆ ಆಗಂಗಿಲ್ಲ’ ಅಂದಳು. ಅದೇ ವಾರ ನಮ್ಮ ಮೆಟ್ಟಿಲಿನಲ್ಲೇ ಕೌದಿ ಹೊಲಿಯುವ ಹೆಂಗಸರು ದೊಡ್ಡ ಶೆಡ್ಡು ಕಟ್ಟಿಸಿ, ‘ಯುಗಾದಿ ದಿನದಿಂದ ನಮಗೇ ರೊಟ್ಟಿ ಕೊಡ್ರಿ. ಅವತ್ತು ತಪ್ಪಿದ್ರ ಬ್ಯಾರೆಯವರಿಗೆ ಹೇಳ್ತೀವಿ’ ಅಂದರು. ಯುಗಾದಿಗೆ ಎಪ್ಪತ್ತು ದಿನವಿತ್ತು. ನೋಟೀಸು ಹತ್ತಿಹೋಗಲು ಐವತ್ತು, ಆಮೇಲೆ ಹದಿನೈದು, ಐದು ದಿನ ಕೈಯಲ್ಲಿ. ಹಜರತ್‌ಬಿ ಬೆರಳು ಮಡಚಿ ಎಣಿಸಿ, ‘ಹೋಗು, ಇವತ್ತೇ ಹೇಳಿ ಬಾ’ ಎಂದಳು.

ಸಾವ್ಕಾರರು ತೂಗುಮಣೆಯ ಮೇಲೆ ಕೂತು ಲವಂಗ ಕಡಿಯುತ್ತಿದ್ದರು. ನಾನು ಎದುರಿಗೆ ನಿಂತು ಪತ್ರದಲ್ಲಿದ್ದ ಹಾಗೆಯೇ ಹೇಳಿದೆ, ‘ಸಾವ್ಕಾರ್ರ, ಇದು ನೋಟೀಸು. ನಾವು ಗುತ್ತಿಗೆ ಬಿಡ್ತೀವ್ರಿ.’ ಅವರು ನನ್ನ ತುಟಿ ನೋಡಿ ನಕ್ಕರು. ‘ಏನೋ ಹೇಳಾಕತ್ತೀಯಲ್ಲ ನೀಲವ್ವಾ. ಬರಲಿ, ಬರಲಿ. ಆಗಲಿ, ನೋಡೋಣ.’

ಇಲ್ಲಿ ನಮ್ಮ ಕೆಲಸದ ಒಂದು ಪದ್ಧತಿ ಹೇಳಬೇಕು. ಬುಟ್ಟಿ ಇಳಿಸಿ ಬರುವಾಗ ನಾಳೆ ಎಷ್ಟು ರೊಟ್ಟಿ ಎಂದು ಗಟ್ಟಿಯಾಗಿ ಹೇಳಿ ಬರಬೇಕು. ಹೇಳದಿದ್ದರೆ ಕರಾರು ಮುರಿದ ಹಾಗೆ. ಗುಮಾಸ್ತ ವಿಠೋಬನೂ ಅದೇ ಅರವತ್ತನೇ ಮೆಟ್ಟಿಲಿನವನಾದ್ದರಿಂದ ಅವನಿಗೆ ಪ್ರತಿದಿನ ಕೇಳಿಸುತ್ತಿದ್ದುದು ಐವತ್ತು ದಿನದ ಹಿಂದಿನ ‘ನಾಳೆ ನಾನೂರು’. ಎಂದೂ ನಾನೂರೇ ಆಗಿದ್ದರಿಂದ ತೊಂದರೆಯಿರಲಿಲ್ಲ. ಒಮ್ಮೆ ಮಾತ್ರ ಹಬ್ಬಕ್ಕೆ ‘ನಾಳೆ ಆರನೂರು’ ಎಂದು ಹೇಳಿ, ಆರುನೂರು ಒಯ್ದೂ ಬಂದಿದ್ದೆ. ಐವತ್ತು ದಿನ ಕಳೆದು ಆ ಮಾತು ಹತ್ತಿಬಂದು, ‘ನಿನ್ನೆ ಆರನೂರು ಅಂದಿ, ಇವತ್ತ ನಾನೂರು ತಂದೀಯಲ್ಲ, ಇನ್ನೂರು ರೊಟ್ಟಿ ಹಾದಿಯಾಗ ನೀನೇ ತಿಂದೇನು?’ ಎಂದು ಅವನು ಕುಣಿದಾಡಿದ್ದ. ನಾವು ಅದನ್ನು ಹೇಳಿಕೊಂಡು ವರ್ಷವಿಡೀ ನಕ್ಕಿದ್ದೆವು. ನಗುವ ಬದಲು ಆಗಲೇ ಯೋಚಿಸಬೇಕಿತ್ತು.

ಐವತ್ತನೇ ದಿನ ನನ್ನ ನೋಟೀಸು ಹೋಗಿ ಮುಟ್ಟಿತು. ನಾನು ಬುಟ್ಟಿ ಇಳಿಸುತ್ತಿದ್ದಾಗಲೇ ಸಾವ್ಕಾರರು ಲವಂಗ ಉಗುಳಿ ತಟ್ಟನೆ ತಿರುಗಿದರು. ‘ಬಿಡ್ತೀಯೇನು? ನನ್ನ ಖಾನಾವಳಿ ಬಿಡ್ತೀಯೇನು ನೀಲವ್ವಾ?’ ನಾನು ತಲೆಯಾಡಿಸಿದೆ. ಆ ದಿನ ಜೊತೆಗೆ ಬಂದಿದ್ದ ಹಜರತ್‌ಬಿ ನೋವಿನ ಕಾಲಿನಲ್ಲೇ ಎರಡೆರಡು ಮೆಟ್ಟಿಲು ಹಾರಿ ಇಳಿದಳು.

ಐವತ್ತೊಂದನೇ ದಿನ ವಿಠೋಬ ಲೆಕ್ಕದ ವಹಿ ತೆರೆದುಕೊಂಡು ಬಾಗಿಲಲ್ಲೇ ನಿಂತಿದ್ದ. ‘ನಿನ್ನೆ ಬಿಡ್ತೀನಿ ಅಂದಿ. ಇವತ್ತ ನಾಳೆ ನಾನೂರು ಅಂತ ಕೇಳಿಸ್ತು. ಬಿಡೋ ಹೆಂಗಸು ನಾಳೆ ನಾನೂರು ಅಂತಾಳೇನು? ಎರಡರಾಗ ಆಮ್ಯಾಲೆ ಆಡಿದ ಮಾತೇ ನಿಲ್ಲೂದು. ನಿನ್ನ ನೋಟೀಸು ಬಿತ್ತು.’

‘ಅಯ್ಯ, ನೋಟೀಸಿನ ದಿನ ಮುಗಿಯೂತನಕ ಕೆಲಸ ಮಾಡಬೇಕಂತ ನೀವೇ ಬರ್ಸೀರಲ್ಲ! ಕೆಲಸ ಮಾಡಿದ್ರ ನಾನೂರು ಅನ್ನಬೇಕಲ್ಲ!’ ಎಂದು ಚೀರಿದೆ. ವಿಠೋಬ ನನ್ನ ಬಾಯಿಯನ್ನೇ ನೋಡಿದ. ನನ್ನ ಈ ಮಾತು ಯುಗಾದಿ ಕಳೆದು ತಿಂಗಳಾದ ಮೇಲೆ ಅವನನ್ನು ಮುಟ್ಟಿರಬೇಕು. ಆಗ ಅವನಿಗೆ ಯಾವುದರ ಬಗ್ಗೆ ಎಂದಾದರೂ ನೆನಪಿತ್ತೋ ಇಲ್ಲವೋ. ಒಳಗಿನಿಂದ ಸಾವ್ಕಾರರು, ‘ಮನಸು ಬದಲಿಸಿದ್ದು ಛಲೋ ಆತು ನೀಲವ್ವಾ’ ಅಂದರು.

ಇಳಿಯುತ್ತ ಲೆಕ್ಕ ಹಾಕಿದೆ. ನೋಟೀಸು ಕೊಟ್ಟು ನಾಳಿನ ಲೆಕ್ಕ ಹೇಳಿದರೆ ನೋಟೀಸು ಬೀಳುತ್ತದೆ. ಹೇಳದೆ ಬಂದರೆ ಕರಾರು ಮುರಿಯುತ್ತದೆ. ಮುರಿದವಳಿಗೆ ಈ ಊರಿನಲ್ಲಿ ಯಾರು ಗುತ್ತಿಗೆ ಕೊಡುತ್ತಾರೆ? ನಾನು ಬಿಟ್ಟವಳೋ, ಬಿಡದವಳೋ? ಹೇಳಿದವಳೋ, ಹೇಳದವಳೋ? ನಾನು ಆಡಿದ ಮಾತುಗಳೆಲ್ಲ ನನ್ನ ಎಡಬಲಕ್ಕೆ ಒಂದೊಂದು ಮೆಟ್ಟಿಲಿನಲ್ಲಿ ಏದುಸಿರು ಬಿಡುತ್ತ ಕೂತ ಹಾಗೆ, ಮೂವತ್ತನೇ ಮೆಟ್ಟಿಲಿನಲ್ಲಿ ಒಂದು ‘ನಾನೂರು’, ಮೂವತ್ತೊಂದರಲ್ಲಿ ಇನ್ನೊಂದು ‘ನಾನೂರು’, ಎಲ್ಲವೂ ನನ್ನ ವಿರುದ್ಧ ಸಾಕ್ಷಿ ಹೇಳಲು ಹೊರಟ ಹಾಗೆ ಅನ್ನಿಸಿತು.

ಮರುದಿನ ಓದುವ ಮನೆಯಲ್ಲಿ ಪತ್ರವನ್ನು ಮತ್ತೆ ಓದಿದೆವು. ಒಬ್ಬಳು ಹರಿದುಹಾಕೋಣ ಅಂದಳು, ಒಬ್ಬಳು ಅತ್ತಳು. ಸುಮ್ಮನೆ ಕಾಲು ನೀವಿಕೊಳ್ಳುತ್ತಿದ್ದ ಹಜರತ್‌ಬಿ, ‘ಹೊಳೆ ಬಂದ ವರ್ಷ ನೆನಪೈತೇನು?’ ಎಂದಳು. ಆ ವರ್ಷ ನೀರೇರಿ ನಾವೆಲ್ಲ ನಲವತ್ತನೇ ಮೆಟ್ಟಿಲಿನ ಶಾಲೆಯಲ್ಲಿ ಒಲೆ ಹೂಡಿ ಎಂಟು ದಿನ ಉಂಡಿದ್ದೆವು. ‘ಅಲ್ಲಿಂದ ಹೇಳಿದ ನಾನೂರು ಸಾವ್ಕಾರ್ಗೆ ಇಪ್ಪತ್ತೇ ದಿನಕ್ಕ ಮುಟ್ಟಿತ್ತು. ವಿಠೋಬ ದಿನ ತಪ್ಪಿತಂತ ಬಾಯಿ ಬಡ್ಕೊಂಡಿದ್ದ. ನಾವು ಹೊಳಿ ಕಾಟ ಅಂತ ತಿಳ್ಕೊಂಡ್ವಿ. ಹೊಳಿ ಅಲ್ಲ, ಒಲಿ. ಒಲಿ ಎಲ್ಲಿ ಉರಿತೈತೋ ಮಾತು ಅಲ್ಲಿಂದ ಹೊಂಡತೈತಿ.’

ಹಾಗಾದರೆ ಸಾವ್ಕಾರರಿಗಿಂತ ಮೇಲೆ ಒಲೆ ಹೂಡಿದರೆ? ಅರವತ್ತನಾಲ್ಕನೇ ಮೆಟ್ಟಿಲಿನಲ್ಲಿ ನೀರಿನ ಟಾಕಿಯೊಂದೇ ಇತ್ತು. ಗಾಳಿ ಕಿತ್ತುಕೊಂಡು ಹೋಗುವ ಜಾಗ, ಅಲ್ಲಿ ಯಾರೂ ಬಾಳ್ವೆ ಮಾಡುತ್ತಿರಲಿಲ್ಲ. ಇಷ್ಟು ವರ್ಷ ನಮ್ಮ ಯಾರ ತಲೆಗೂ ಇದು ಹೊಳೆಯಲಿಲ್ಲ ಯಾಕೆ ಎಂದು ಈಗಲೂ ನನ್ನನ್ನೇ ಬೈದುಕೊಳ್ಳುತ್ತೇನೆ. ಮೇಲೆ ಹೋಗಿ ಒಲೆ ಹಚ್ಚಬಾರದು ಎಂದು ಯಾರೂ ನಮಗೆ ಹೇಳಿರಲಿಲ್ಲ. ಯಾರೂ ಹೇಳದೆಯೇ ನಾವು ಪಾಲಿಸಿಕೊಂಡು ಬಂದಿದ್ದೆವು.

ಐವತ್ಮೂರನೇ ದಿನ ಒಲೆಗಲ್ಲು, ಹಂಚು, ಹಿಟ್ಟಿನ ಚೀಲ ಹೊತ್ತು ಆರೂ ಮಂದಿ ಟಾಕಿಯ ಬುಡಕ್ಕೆ ಹೋದೆವು. ದುರಗವ್ವ ಮೂರನೇ ಮೆಟ್ಟಿಲಿನಿಂದ ಅಷ್ಟೆತ್ತರಕ್ಕೆ ಕಟ್ಟಿಗೆ ಹೊತ್ತು ತಂದಳು, ಇಳಿಸಿದಳು, ತುಟಿ ಅಲ್ಲಾಡಿಸಿದಳು, ಹೋದಳು. ಐವತ್ತನಾಲ್ಕನೇ ದಿನ ಮುಂಜಾನೆ ಒಲೆ ಹೊತ್ತಿಸಿ, ಮೊದಲ ರೊಟ್ಟಿ ಮುರಿದು ತಿಂದು, ನಾನು ಟಾಕಿಯ ಕಟ್ಟೆಯ ಮೇಲೆ ನಿಂತು ಕೆಳಗೆ ನೋಡಿ ಕೂಗಿದೆ: ‘ಅಂದಾನೆಪ್ಪ ಸಾವ್ಕಾರ್ರ! ಇದು ನೋಟೀಸು! ಇವತ್ತಿಂದ ಹದಿನೈದು ದಿನ!’

ನಾಲ್ಕು ಮೆಟ್ಟಿಲು ಕೆಳಗೆ ತೂಗುಮಣೆ ಗಕ್ಕನೆ ನಿಂತಿತು. ಸಾವ್ಕಾರರು ಅಂಗಳಕ್ಕೆ ಬಂದು ಕತ್ತೆತ್ತಿ ನೋಡಿದರು. ಬಾಯಿ ಅಲ್ಲಾಡಿತು. ನನಗೆ ಏನೂ ಕೇಳಿಸಲಿಲ್ಲ. ನನ್ನ ಜನ್ಮದಲ್ಲಿ ಮೊದಲ ಸಲ ಅವರ ಬಾಯಿ ಸುಮ್ಮನೆ ಅಲ್ಲಾಡುವುದನ್ನು ಕಂಡೆ. ವಿಠೋಬ ವಹಿ ಎತ್ತಿ ಬೆರಳಿನಿಂದ ಬಡಿಬಡಿದು ತೋರಿಸಿದ. ಅವನ ಮಾತು ನಾಲ್ಕನೇ ದಿನ ಹತ್ತಿ ಬಂತು: ‘ಇವತ್ತೂ ನಾಳೆ ನಾನೂರು ಅಂತ ಕೇಳಿಸೇತಿ! ನಿನ್ನ ಈ ನೋಟೀಸೂ ಬಿತ್ತು!’ ನಾನು ಹಿಟ್ಟಿನ ಕೈಯಲ್ಲೇ ಎದ್ದು, ‘ಅದು ಐವತ್ತು ದಿನದ ಹಿಂದಿಂದೋ ವಿಠೋಬಾ! ಆಮ್ಯಾಲೆ ಆಡಿದ ಮಾತೇ ನಿಲ್ಲೂದಂತ ನೀನೇ ಅಂದಿ! ಆಮ್ಯಾಲೆ ಆಡಿದ್ದು ಯಾವುದು? ಲೆಕ್ಕ ಹಾಕು!’ ಅಂದೆ. ಇಲ್ಲಿಂದ ನಾಳಿನ ಲೆಕ್ಕ ಹೇಳಿದಾಗಲೂ ಅದರ ಬೆನ್ನಿಗೇ ‘ನೋಟೀಸು ನಿಂತೇ ಐತಿ’ ಎಂದು ಸೇರಿಸುತ್ತಿದ್ದೆ. ಅವನು ವಹಿಯನ್ನು ಮುಂದಕ್ಕೂ ಹಿಂದಕ್ಕೂ ತಿರುವಿ ತಿರುವಿ ಅಲ್ಲೇ ಕುಳಿತುಬಿಟ್ಟ.

ಟಾಕಿಯ ಬುಡದಲ್ಲಿ ಹದಿನೈದು ದಿನ ಸುಖವಾಗಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಸುಖವಾಗಿತ್ತು. ತಣ್ಣಗೆ ಗಾಳಿ, ಕೆಳಗೆ ಊರು, ಒಂದು ಸದ್ದಿಲ್ಲ. ಜೋಳದ ಅಂಗಡಿಯವನ ತಕರಾರಿಲ್ಲ, ನೆರೆಮನೆಯ ಜಗಳವಿಲ್ಲ. ಎಲ್ಲರ ಬಾಯಿ ಅಲ್ಲಾಡುತ್ತಿತ್ತು, ಯಾವುದೂ ಬಂದು ಮುಟ್ಟುತ್ತಿರಲಿಲ್ಲ. ಮನಸ್ಸು ಹಗುರಾಗಿ ನಾನು ಎಲ್ಲರನ್ನೂ ನೋಡಿ ನಗುತ್ತಿದ್ದೆ.

ಒಂಬತ್ತನೇ ದಿನ, ಯುಗಾದಿಗೆ ಏಳು ದಿನವಿದ್ದಾಗ, ದುರಗವ್ವ ಹೊರೆ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದಳು. ಕೌದಿ ಶೆಡ್ಡಿನವರು ನಮಗಾಗಿ ಗ್ಯಾಸಿನ ಒಲೆ ತಂದು ಇಳಿಸುವುದು ಹಿಂದಿನ ದಿನ ಟಾಕಿಯ ಕಟ್ಟೆಯಿಂದ ನನ್ನ ಕಣ್ಣಿಗೆ ಬಿದ್ದಿತ್ತು. ಆಗಲೇ ಹೇಳಿಬಿಡುವುದು ವಾಸಿ ಎಂದು ನಾನು ರೊಟ್ಟಿ ಬಡಿಯುತ್ತಲೇ, ‘ದುರಗವ್ವಾ, ಯುಗಾದಿಯಿಂದ ಕಟಗಿ ತರಬ್ಯಾಡವ್ವಾ. ಇನ್ನ ಬೇಕಾಗಂಗಿಲ್ಲ’ ಅಂದೆ. ಅವಳು ನನ್ನನ್ನೇ ನೋಡಿದಳು. ಬಾಯಿ ಅಲ್ಲಾಡಿತು, ಬಹಳ ಹೊತ್ತು ಅಲ್ಲಾಡಿತು. ಕೈಯನ್ನು ಕೆಳಗಿನ ಹೊಳೆಯ ಕಡೆ ಮಾಡಿ ಏನೋ ತೋರಿಸಿದಳು. ಹಂಚಿನ ಮೇಲಿನ ರೊಟ್ಟಿ ಉಬ್ಬಿತ್ತು, ಸೀಯುವ ಹಾಗಿತ್ತು. ನಾನು ನಕ್ಕು, ‘ಆಗಲಿ, ನೋಡೋಣ’ ಅಂದೆ.

ನನ್ನ ಪಕ್ಕದಲ್ಲಿ ಹಜರತ್‌ಬಿಯ ಕೈ ಹಿಟ್ಟಿನ ಮೇಲೆ ನಿಂತಿತು. ‘ಏನಂದಿ ನೀನು?’

‘ಏನಂದೆ?’

ಅವಳು ನನ್ನ ಮುಖ ನೋಡಿ ರೊಟ್ಟಿ ತಿರುವಿಹಾಕಿದಳು. ನನಗೆ ಅರ್ಥವಾಗಲಿಲ್ಲ, ಗಾಳಿಗೆ ಹೊಗೆ ಅವಳ ಕಣ್ಣಿಗೆ ಬಂತು ಅಂದುಕೊಂಡೆ.

ಹದಿನೈದು ದಿನ ತುಂಬಿತು. ಸಾವ್ಕಾರರು ಪತ್ರ ಹಿಂದಕ್ಕೆ ಕೊಟ್ಟರು. ಸಂಜೆ ಒಲೆಗಲ್ಲು ಹೊತ್ತು ಹತ್ತನೇ ಮೆಟ್ಟಿಲಿಗೆ ಇಳಿದೆವು. ಯುಗಾದಿಯ ಬೆಳಿಗ್ಗೆ ಕೌದಿ ಶೆಡ್ಡಿನ ಹೆಂಗಸರು ಬೇವುಬೆಲ್ಲ ಹಂಚಿದರು. ನಾನು ಗ್ಯಾಸಿನ ಒಲೆಯ ಮುಂದೆ ಕೂತು ಮೊದಲ ರೊಟ್ಟಿ ಬಡಿಯುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಅಷ್ಟರಲ್ಲಿ ನನ್ನ ಕಿವಿಗೆ ದುರಗವ್ವನ ದನಿ ಬಂತು. ಏಳು ದಿನ ಹತ್ತಿ ಹತ್ತಿ ನನ್ನನ್ನು ಹುಡುಕಿಕೊಂಡು ಬಂದ ದನಿ, ಅವತ್ತಿನ ಬೆವರಿನ ಏದುಸಿರು ಸಹ ಹಾಗೆಯೇ ಇತ್ತು.

‘ಯಕ್ಕಾ, ಸಾವ್ಕಾರ ನಿನಗ ಹದಿನೈದು ದಿನ ಕೊಡ್ತಾನ. ನೀ ನನಗ ಏಳು ಕೊಟ್ಟಿ. ನನ್ನ ಮಾತು ನಿನಗ ಮುಟ್ಟಾಕ ಏಳು ದಿನ ಬೇಕು, ಮುಟ್ಟೂದ್ರಾಗ ನನ್ನ ಕೆಲಸ ಹೋಗಿರ್ತದ. ನೀ ಹೇಳಿದ್ದಿ, ಮಳಿ ಬರೂತನಕ ಕಟಗಿ ಬೇಕಂತ. ಹೊಳಿದಂಡಿಗೆ ಎರಡು ಬಣವಿ ಕಡದು ಒಟ್ಟೀನಿ, ಅಗೋ ನೋಡು ಕಾಣಸ್ತದ. ಅದನ್ನೇನು ಮಾಡ್ಲಿ? ಯಕ್ಕಾ, ನಗಬ್ಯಾಡ. ಕೇಳಸ್ತೈತೇನು? ಯಕ್ಕಾ?’

‘ನಗಬ್ಯಾಡ’ ಅಂದಿದ್ದಳು. ನಾನು ನಗುತ್ತ ‘ನೋಡೋಣ’ ಅಂದಿದ್ದೆ. ಆ ಮಾತು ನನ್ನದೇ, ಇಳಿದಾಗಲೂ ನನ್ನದೇ ದನಿಯಲ್ಲಿ ಇಳಿದಿತ್ತು. ಆದರೆ ಅದರ ರುಚಿ ಸಾವ್ಕಾರರ ಲವಂಗದ್ದು. ಹಜರತ್‌ಬಿ ನನ್ನನ್ನೇ ನೋಡುತ್ತಿದ್ದಳು. ಅವಳು ಯಾಕೆ ಕೈ ನಿಲ್ಲಿಸಿದ್ದಳೆಂದು ಈಗ ತಿಳಿಯಿತು.

‘ಹಜರತಕ್ಕಾ, ಒಲೆಗಲ್ಲು ಎಲ್ಲಿ?’

‘ಮನ್ಯಾಗ ಅದಾವ. ಯಾಕ, ಮತ್ತ ಟಾಕಿ ಹತ್ತೀಯೇನು?’

‘ಇಲ್ಲ’ ಎಂದೆ.

ಮೂರು ಕಲ್ಲು, ಒಂದು ಹಂಚು, ಸೆರಗಿನಲ್ಲಿ ಹಿಟ್ಟು ಕಟ್ಟಿಕೊಂಡು ಇಳಿದೆ. ಮೂರನೇ ಮೆಟ್ಟಿಲು ದಾಟುವಾಗ ದುರಗವ್ವನ ಬಾಗಿಲು ತೆರೆದಿತ್ತು, ನಾನು ನಿಲ್ಲಲಿಲ್ಲ. ಮೊದಲನೇ ಮೆಟ್ಟಿಲಿಗೆ, ಹೊಳೆಯ ನೀರು ಬಂದು ಕಲ್ಲು ನೆಕ್ಕುವ ಜಾಗಕ್ಕೆ ಹೋಗಿ ಒಲೆ ಹೂಡಿದೆ. ಎರಡು ಬಣವೆಗಳು ಅಲ್ಲೇ ಇದ್ದವು, ನನಗಿಂತ ಎತ್ತರ. ಅದರಿಂದಲೇ ನಾಲ್ಕು ಕಟ್ಟಿಗೆ ಎಳೆದು ಹೊತ್ತಿಸಿದೆ. ಒಂದು ರೊಟ್ಟಿ ಸುಟ್ಟು ಮುರಿದು ಬಾಯಿಗಿಟ್ಟುಕೊಂಡು, ಎರಡು ಮೆಟ್ಟಿಲು ಮೇಲಿದ್ದ ಬಾಗಿಲಿನ ಕಡೆ ಕೈ ಬೀಸಿ ಕರೆದೆ.

ದುರಗವ್ವ ಹೊರಗೆ ಬಂದಳು. ನನ್ನನ್ನು ನೋಡಿದಳು, ಒಲೆ ನೋಡಿದಳು, ತನ್ನ ಕಟ್ಟಿಗೆ ಉರಿಯುವುದನ್ನು ನೋಡಿದಳು. ತನಗಿಂತ ಕೆಳಗಿರುವವರ ಜೊತೆ ಅವಳು ಜನ್ಮದಲ್ಲಿ ಮಾತಾಡಿದವಳಲ್ಲ. ಮೂರರ ಕೆಳಗೆ ಯಾರೂ ಇರಲೇ ಇಲ್ಲ.

‘ಯಕ್ಕಾ?’ ಅಂದಳು. ಮಾತು ನೆಟ್ಟಗೆ ನನ್ನ ಮಡಿಲಿಗೆ ಬಿತ್ತು. ನಾನು ತಲೆಯಾಡಿಸಿದೆ. ಅವಳು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು. ‘ಕೇಳಿಸ್ತೇನು? ಇಷ್ಟು ಲಗೂನ?’

ಹೇಳಲು ನನ್ನ ಬಾಯಿಯಲ್ಲಿ ಬಹಳವಿತ್ತು. ತಪ್ಪಾಯಿತು, ಗ್ಯಾಸಿನ ಸುದ್ದಿ ನನಗೂ ತಡವಾಗಿ ಗೊತ್ತಾಯಿತು, ನನಗೂ ಕಷ್ಟವಿತ್ತು, ಎಲ್ಲವೂ ಇತ್ತು. ಆದರೆ ಇಲ್ಲಿಂದ ಏನು ಹೇಳಿದರೂ ಅದು ಅವಳನ್ನು ಮುಟ್ಟಲು ಎರಡು ದಿನ ಬೇಕು. ಬಾಯಿ ಮುಚ್ಚಿಕೊಂಡೆ. ದುರಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತನ್ನ ಮೆಟ್ಟಿಲಿನ ಅಂಚಿನಲ್ಲಿ ಕೂತಳು, ಗಂಟಲು ಸರಿಮಾಡಿಕೊಂಡಳು. ‘ಹಂಗಾರ ಮೊದಲಿಂದ ಹೇಳ್ತೀನಿ’ ಅಂದಳು. ನಾನು ಕಟ್ಟಿಗೆ ಮುಂದಕ್ಕೆ ತಳ್ಳಿ, ಒಲೆ ಆರದ ಹಾಗೆ ನೋಡಿಕೊಂಡು ಕೂತೆ.